ಅಣಬೆ: ಆಹಾರವಾಗಿ ಬೆಳೆಯತಕ್ಕದ್ದು, ಔಷಧವೆಂದು ಮಾರತಕ್ಕದ್ದಲ್ಲ

ಅಣಬೆಯ ವಿಷಯದಲ್ಲಿ ನಮ್ಮ ಜನರಲ್ಲಿ ಬಹುಕಾಲದಿಂದ ಎರಡು ಅಭಿಪ್ರಾಯಗಳು ನಡೆದುಬಂದಿವೆ. ಮಲೆನಾಡು, ಕೊಡಗು ಮತ್ತು ಕರಾವಳಿಯವರು ಮಳೆಗಾಲದಲ್ಲಿ ದೊರೆಯುವ ಅಣಬೆಯನ್ನು ವರ್ಷಕ್ಕೊಮ್ಮೆ ಬರುವ ಹಬ್ಬದಡಿಗೆಯಂತೆ ಆದರಿಸುವರು. ಬಯಲುಸೀಮೆಯ ಅನೇಕ ಮನೆತನಗಳಲ್ಲಾದರೋ ಅದು ನಾಯಿಕೊಡೆಯೆಂಬ ಹೆಸರನ್ನು ಹೊತ್ತು ಅಡಿಗೆಮನೆಯ ಹೊಸ್ತಿಲಾಚೆಯೇ ಉಳಿದಿದೆ. ಈ ಎರಡಕ್ಕೂ ಕಾರಣವಿಲ್ಲದೆ ಇಲ್ಲ. ಆದರೆ ಈಚಿನ ವರ್ಷಗಳಲ್ಲಿ ಮೂರನೆಯ ಅಭಿಪ್ರಾಯವೊಂದು ಪಟ್ಟಣಗಳಿಂದ ಹೊರಟು ಗ್ರಾಮಗಳಿಗೂ ಹಬ್ಬುತ್ತಿದೆ. ಅಣಬೆಯು ಸಿಹಿಮೂತ್ರ, ರಕ್ತದೊತ್ತಡ, ಅರ್ಬುದ ಮುಂತಾದ ಸಕಲ ವ್ಯಾಧಿಗಳಿಗೂ ಮದ್ದೆಂದೂ, ಅದನ್ನು ಬೆಳೆದವನು ಅಲ್ಪಕಾಲದಲ್ಲಿ ಧನವಂತನಾಗುವನೆಂದೂ ಹೇಳತಕ್ಕ ಮಾತೇ ಅದು. ಮೊದಲಿನ ಎರಡು ಅಭಿಪ್ರಾಯಗಳಿಂದ ಯಾರಿಗೂ ಹೆಚ್ಚಿನ ಹಾನಿಯಾಗಿಲ್ಲ. ಮೂರನೆಯದರಿಂದ ಪ್ರಾಣಕ್ಕೂ ಹಣಕ್ಕೂ ಹಾನಿಯುಂಟಾಗಬಹುದು. ಆದಕಾರಣ ಗ್ರಾಮದ ಮುಖಂಡರೂ ಭೂಮಾಲೀಕರೂ ಈ ವಿಷಯದಲ್ಲಿ ನಿಜವಾಗಿ ತಿಳಿದಿರುವುದೇನು, ತಿಳಿಯದೆ ಆಡುವ ಮಾತು ಯಾವುದು ಎಂಬುದನ್ನು ಬೇರ್ಪಡಿಸಿ ನೋಡಬೇಕೆಂಬುದು ಈ ಲೇಖನದ ಉದ್ದೇಶ.

ಬೆಂಗಳೂರಿನ ದಕ್ಷಿಣ ಭಾಗದ ಕತ್ರಿಗುಪ್ಪೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಉತ್ತರಹಳ್ಳಿ ಹೋಬಳಿಗೆ ಸೇರಿದ ಒಂದು ಗ್ರಾಮವಾಗಿದ್ದ ಅದು ಇಂದು ಬನಶಂಕರಿ ಮೂರನೆಯ ಹಂತದೊಡನೆ ಬೆರೆತುಹೋದ ಬಡಾವಣೆ. ರಾಗಿ, ಅವರೆಗಳ ಹೊಲಗಳ ಜಾಗದಲ್ಲಿ ಮನೆಗಳೆದ್ದು, ಬೆಳೆಯುತ್ತಿದ್ದ ಗ್ರಾಮವೇ ಕೊಳ್ಳುವ ಪೇಟೆಯಾಗಿದೆ. ಅಲ್ಲಿಯ ತರಕಾರಿ ಅಂಗಡಿಗಳಲ್ಲಿ ಬಟನ್ ಅಣಬೆಯ ಪೊಟ್ಟಣಗಳು ಕೋಸು, ಹುರುಳಿಕಾಯಿಗಳ ಪಕ್ಕದಲ್ಲಿಯೇ ಸ್ಥಾನ ಪಡೆದಿವೆ. ಹಿಂದಿನ ತಲೆಮಾರಿನಲ್ಲಿ ಅಣಬೆಯನ್ನು ಮುಟ್ಟದ ಮನೆಗಳಲ್ಲಿ ಇಂದಿನ ಮಕ್ಕಳು ಅದನ್ನು ಕೇಳಿ ತಿನ್ನುವರು. ಇದು ಸಂತೋಷದ ಸಂಗತಿಯೇ. ಆದರೆ ಅದೇ ಪೇಟೆಯಲ್ಲಿ ಅಣಬೆಯ ಪುಡಿಯೂ ಗುಳಿಗೆಯೂ ತರಕಾರಿಯ ಹತ್ತಾರು ಪಟ್ಟು ಬೆಲೆಗೆ ಔಷಧದ ವೇಷದಲ್ಲಿ ಬರುತ್ತಿವೆ. ಈ ಎರಡು ಸರಕುಗಳ ಪೈಕಿ ನಮ್ಮ ರೈತನು ಯಾವುದನ್ನು ಬೆಳೆಯಬೇಕು, ಯಾವುದನ್ನು ದೂರವಿಡಬೇಕು ಎಂಬುದೇ ಪ್ರಶ್ನೆ.

ಅಣಬೆಯು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ. ಶಿಲೀಂಧ್ರವೆಂಬ ಬೇರೆಯೇ ವರ್ಗಕ್ಕೆ ಸೇರಿದ್ದು. ಹಸುರೆಲೆಯಿಲ್ಲದ ಕಾರಣ ಬಿಸಿಲಿನಿಂದ ಆಹಾರ ಮಾಡಿಕೊಳ್ಳಲಾರದೆ, ಕೊಳೆಯುವ ಹುಲ್ಲು, ಮರ, ಗೊಬ್ಬರಗಳಿಂದ ತನ್ನ ಆಹಾರವನ್ನು ಸೆಳೆದುಕೊಳ್ಳುತ್ತದೆ. ನಾವು ಕಾಣುವ ಕೊಡೆಯು ಅದರ ಫಲ ಮಾತ್ರ; ನಿಜವಾದ ದೇಹವು ಹುಲ್ಲಿನೊಳಗೆ ಹರಡಿದ ಬಿಳಿಯ ಎಳೆಗಳ ಬಲೆ. ಪ್ರಾಚೀನರು ಇದನ್ನು ಗಮನಿಸದೆ ಇರಲಿಲ್ಲ. ಮನುಸ್ಮೃತಿಯು ಅಣಬೆಯನ್ನು ನಿಷಿದ್ಧ ಆಹಾರಗಳ ಪಟ್ಟಿಯಲ್ಲಿಟ್ಟಿತು; ಸುಶ್ರುತ ಸಂಹಿತೆಯಾದರೋ ಹುಲ್ಲು, ಕಬ್ಬು, ಸಗಣಿ, ಬಿದಿರು, ನೆಲ ಇವುಗಳಲ್ಲಿ ಹುಟ್ಟುವವುಗಳೆಂದು ಬೇರೆಬೇರೆಯಾಗಿ ಎಣಿಸಿತು. ಹುಟ್ಟಿದ ನೆಲೆಗೆ ತಕ್ಕಂತೆ ಗುಣವೆಂಬ ಈ ವಿವೇಕವು ಇಂದಿಗೂ ಸಲ್ಲತಕ್ಕದ್ದು. ಶುದ್ಧವಾದ ಹುಲ್ಲಿನಲ್ಲಿ ನಾವೇ ಬಿತ್ತಿ ಬೆಳೆದ ಅಣಬೆ ಬೇರೆ, ಎಲ್ಲಿಯೋ ತಾನಾಗಿ ಎದ್ದ ಅಣಬೆ ಬೇರೆ.

ಇನ್ನು ಆಹಾರಗುಣದ ವಿಚಾರ. ಹಸಿಯ ಅಣಬೆಯಲ್ಲಿ ನೂರಕ್ಕೆ ಸುಮಾರು ೯೦ ಪಾಲು ನೀರು. ಒಣಗಿಸಿದ ತೂಕದಲ್ಲಿ ನೂರಕ್ಕೆ ೨೦ ರಿಂದ ೩೦ ಪಾಲು ಸಸಾರಜನಕವಿದೆಯೆಂದು ಹೇಳಿ ಅದನ್ನು ಬೇಳೆಗೆ ಸಮವೆಂದು ಸಾರುವರು. ಆದರೆ ಹಸಿಯ ನೂರು ಗ್ರಾಂ ಅಣಬೆಯಿಂದ ದೊರೆಯುವುದು ಸುಮಾರು ೩ ಗ್ರಾಂ ಮಾತ್ರ. ಮೂವತ್ತು ಗ್ರಾಂ ತೊಗರಿಬೇಳೆಯಿಂದ ಅದರ ಎರಡರಷ್ಟು ದೊರೆಯುವುದು. ಆದ್ದರಿಂದ ಅಣಬೆಯನ್ನು ಬೇಳೆಗೆ ಬದಲಾಗಿ ಅಲ್ಲ, ಬೇಳೆಯ ಜೊತೆಗೆ ತಿನ್ನತಕ್ಕದ್ದು. ಅದರ ನಿಜವಾದ ಮೇಲ್ಮೆ ಬೇರೆಯದು. ಕೊಬ್ಬು ಅತಿ ಸ್ವಲ್ಪ, ಪಿಷ್ಟ ಸ್ವಲ್ಪ, ನಾರು ಸಾಕಷ್ಟು. ಪೊಟ್ಯಾಸಿಯಂ, ತಾಮ್ರ, ಸೆಲೆನಿಯಂ ಮುಂತಾದ ಲವಣಗಳೂ, ರೈಬೋಫ್ಲೇವಿನ್, ನಯಾಸಿನ್ ಎಂಬ ಬಿ ವರ್ಗದ ಜೀವಸತ್ವಗಳೂ ಉಂಟು. ಮುದ್ದೆ, ಅನ್ನಗಳನ್ನೇ ಹೊಟ್ಟೆ ತುಂಬ ಉಂಡು ಕುಳಿತು ಕೆಲಸಮಾಡುವವರಿಗೆ, ಸಿಹಿಮೂತ್ರವಿರುವವರಿಗೆ ಸಹ, ಇದು ತಕ್ಕ ಪಲ್ಯವಾಗುವುದು. ಸಿಹಿಮೂತ್ರಕ್ಕೆ ತಕ್ಕ ಪಲ್ಯವೆಂಬ ಮಾತಿಗೂ ಸಿಹಿಮೂತ್ರಕ್ಕೆ ಮದ್ದೆಂಬ ಮಾತಿಗೂ ಇರುವ ಅಂತರವನ್ನು ವಾಚಕರು ಇಲ್ಲಿಯೇ ಗುರುತಿಸಿಕೊಳ್ಳಬೇಕು.

ಅಣಬೆಯಲ್ಲಿರುವ ವಿಶೇಷ ವಸ್ತುಗಳ ಪೈಕಿ ಮೊದಲು ಹೇಳತಕ್ಕದ್ದು ಎರ್ಗೊಸ್ಟೆರಾಲ್. ಬಿಸಿಲು ಬಿದ್ದಾಗ ಇದು ಡಿ ಜೀವಸತ್ವದ ಒಂದು ಬಗೆಯಾಗಿ ಮಾರ್ಪಡುತ್ತದೆ. ಸಸ್ಯಾಹಾರದಲ್ಲಿ ಈ ಜೀವಸತ್ವವು ಬಹು ಅಪರೂಪ. ಕತ್ತಲೆಯ ಕೋಣೆಯಲ್ಲಿ ಬೆಳೆದ ಅಣಬೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅದೇ ಅಣಬೆಯನ್ನು ಹೆಚ್ಚಿ, ಇಲ್ಲವೇ ಪದರಗಳು ಮೇಲ್ಮುಖವಾಗುವಂತೆ ಮೊರದಲ್ಲಿ ಹರವಿ, ನಡುಹಗಲ ಬಿಸಿಲಿನಲ್ಲಿ ಒಂದು ಗಂಟೆಯ ಕಾಲ ಇಟ್ಟರೆ ಗಣ್ಯವಾದ ಪ್ರಮಾಣದಲ್ಲಿ ಉಂಟಾಗುತ್ತದೆ. ಇದಕ್ಕೆ ಕಾಸಿನ ಖರ್ಚೂ ಇಲ್ಲ. ಹಪ್ಪಳ ಸಂಡಿಗೆಗಳನ್ನು ಒಣಗಿಸಿ ಬಲ್ಲ ನಮ್ಮ ಗೃಹಿಣಿಯರಿಗೆ ಇದನ್ನು ಕಲಿಸಬೇಕಾದುದೂ ಇಲ್ಲ. ಆದರೆ ಬಿ-೧೨ ಎಂಬ ಜೀವಸತ್ವಕ್ಕಾಗಿ ಸಸ್ಯಾಹಾರಿಗಳು ಅಣಬೆಯನ್ನು ನೆಚ್ಚತಕ್ಕದ್ದಲ್ಲ. ಅದು ಇದರಲ್ಲಿ ಲೇಶಮಾತ್ರ.

ಎರಡನೆಯದು ಎರ್ಗೊಥಿಯೊನೈನ್. ಧಾನ್ಯದ ತೆನೆಗಳಿಗೆ ಹತ್ತುವ ಎರ್ಗಟ್ ಎಂಬ ವಿಷಶಿಲೀಂಧ್ರದಲ್ಲಿ ಇದನ್ನು ೧೯೦೯ರಲ್ಲಿ ಫ್ರಾನ್ಸ್ ದೇಶದ ಷಾರ್ಲ್ ತಾಂರೆ ಎಂಬಾತನು ಕಂಡುಹಿಡಿದನು. ನಮ್ಮ ದೇಹವು ಇದನ್ನು ತಾನೇ ತಯಾರಿಸಲಾರದು. ಆದರೂ ಆಹಾರದಿಂದ ಬಂದುದನ್ನು ಜೀವಕಣಗಳೊಳಗೆ ಸಾಗಿಸಲು ದೇಹದಲ್ಲಿ ಪ್ರತ್ಯೇಕವಾದ ಒಂದು ವಾಹಕವಿದೆಯೆಂದು ೨೦೦೫ರಲ್ಲಿ ತಿಳಿದುಬಂದಿತು. ದೇಹವು ಇಷ್ಟು ಜೋಪಾನವಾಗಿ ಒಳಗೆ ಸೇರಿಸಿಕೊಳ್ಳುವ ವಸ್ತುವಿನಿಂದ ಪ್ರಯೋಜನವಿರಬೇಕೆಂದು ವಿಜ್ಞಾನಿಗಳು ಊಹಿಸಿ ಸಂಶೋಧನೆ ನಡೆಸುತ್ತಿದ್ದಾರೆ. ನಾವು ತಿನ್ನುವ ಆಹಾರಗಳಲ್ಲಿ ಇದು ಅತ್ಯಧಿಕವಾಗಿರುವುದು ಅಣಬೆಗಳಲ್ಲಿಯೇ. ಇದು ಅಣಬೆಯನ್ನು ತಿನ್ನಲು ಒಳ್ಳೆಯ ಕಾರಣ. ಗುಳಿಗೆಯನ್ನು ಕೊಳ್ಳಲು ಇನ್ನೂ ಕಾರಣವಾಗಿಲ್ಲ.

ಮೂರನೆಯದು ಬೀಟಾ-ಗ್ಲೂಕನ್. ಅಣಬೆಯ ಜೀವಕಣಗಳ ಗೋಡೆ ಇದರಿಂದಲೂ ಕೈಟಿನ್ ಎಂಬ ಗಡಸು ವಸ್ತುವಿನಿಂದಲೂ ಆದುದು. ಕರುಳಿನಲ್ಲಿ ಇದು ನಾರಿನಂತೆ ವರ್ತಿಸುತ್ತದೆ. ರಕ್ತದ ರಕ್ಷಕ ಕಣಗಳು ಇದನ್ನು ಗುರುತಿಸಿ ಎಚ್ಚರಗೊಳ್ಳುವುದೂ ಉಂಟು. ಜಪಾನ್ ದೇಶದಲ್ಲಿ ಶಿಟಾಕೆ ಅಣಬೆಯಿಂದ ತೆಗೆದ ಲೆಂಟಿನಾನ್ ಎಂಬುದನ್ನೂ, ಮರದ ಮೇಲೆ ಬೆಳೆಯುವ ಬಣ್ಣಬಣ್ಣದ ಪಟ್ಟೆಗಳ ಇನ್ನೊಂದು ಅಣಬೆಯಿಂದ ತೆಗೆದ ಕ್ರೆಸ್ಟಿನ್ ಎಂಬುದನ್ನೂ ಅರ್ಬುದರೋಗಿಗಳಿಗೆ ಕೊಡಲು ಸರ್ಕಾರವು ಅನುಮತಿ ನೀಡಿತು. ಕ್ರೆಸ್ಟಿನ್‌ಗೆ ಅನುಮತಿ ದೊರೆತದ್ದು ೧೯೭೭ರಲ್ಲಿ. ಅಣಬೆಯು ಅರ್ಬುದವನ್ನು ಗುಣಪಡಿಸುವುದೆಂದು ಸಾರುವವರು ಸಾಮಾನ್ಯವಾಗಿ ಆಧಾರ ಮಾಡಿಕೊಳ್ಳುವುದು ಇದನ್ನೇ. ಆದರೆ ಅವರು ಹೇಳದೆ ಬಿಡುವ ಅಂಶಗಳು ಮೂರು. ಅವು ಶುದ್ಧಮಾಡಿ ತೆಗೆದ ಸಾರಗಳೇ ಹೊರತು ಅಣಬೆಯ ಪುಡಿಯಲ್ಲ. ಲೆಂಟಿನಾನನ್ನು ಸೂಜಿಯ ಮೂಲಕ ಕೊಡುತ್ತಿದ್ದರೇ ಹೊರತು ತಿನ್ನಿಸುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇವನ್ನು ಕೊಟ್ಟದ್ದು ಶಸ್ತ್ರಚಿಕಿತ್ಸೆ ಮತ್ತು ಔಷಧಗಳ ಜೊತೆಗೆ ಸಹಾಯಕವಾಗಿಯೇ ಹೊರತು ಅವುಗಳ ಬದಲಿಗೆ ಅಲ್ಲ.

ಇನ್ನೊಂದು ಉದಾಹರಣೆ ನಮ್ಮ ಚಿಪ್ಪಣಬೆಯದು. ರಕ್ತದ ಕೊಬ್ಬನ್ನು ಇಳಿಸುವ ಲೊವಾಸ್ಟ್ಯಾಟಿನ್ ಎಂಬ ವಸ್ತುವು ಅದರಲ್ಲಿದೆಯೆಂಬುದು ನಿಜ. ಅದೇ ವಸ್ತುವು ೧೯೮೭ರಿಂದ ಅಮೆರಿಕದಲ್ಲಿ ವೈದ್ಯರ ಚೀಟಿಯ ಮೇಲೆ ಔಷಧವಾಗಿ ದೊರೆಯುತ್ತಿದೆ. ಆದರೆ ಔಷಧದ ಗುಳಿಗೆಯಲ್ಲಿ ಎಷ್ಟಿದೆಯೆಂಬುದು ಅಳೆದದ್ದು. ಅಣಬೆಯಲ್ಲಿ ಅದರ ಪ್ರಮಾಣವು ತಳಿ, ಹುಲ್ಲು, ಕೊಯ್ಲಿನ ಕಾಲಗಳಿಗೆ ತಕ್ಕಂತೆ ಹೆಚ್ಚು ಕಡಿಮೆಯಾಗುವುದು. ಅಳತೆಯಿಲ್ಲದ ಮದ್ದು ಮದ್ದಲ್ಲ. ಗುಳಿಗೆಯನ್ನು ಬಿಟ್ಟು ಅಣಬೆಯನ್ನು ತಿಂದವನು ತನ್ನ ಹೃದಯವನ್ನು ಅದೃಷ್ಟಕ್ಕೆ ಒಪ್ಪಿಸಿದಂತೆ.

ಕೆಲವು ವಸ್ತುಗಳು ಗುಣದ ಜೊತೆಗೆ ದೋಷವನ್ನೂ ತರಬಲ್ಲವು. ಹಸಿಯ ಅಥವಾ ಅರೆಬೆಂದ ಶಿಟಾಕೆಯನ್ನು ತಿಂದ ಕೆಲವರಿಗೆ ಮೈಮೇಲೆ ಚಾಟಿಯಿಂದ ಹೊಡೆದಂತಹ ಕೆಂಪು ಬರೆಗಳೇಳುವುದನ್ನು ಜಪಾನಿನ ವೈದ್ಯರು ೧೯೭೭ರಲ್ಲಿಯೇ ವರ್ಣಿಸಿದರು. ಬಟನ್ ಅಣಬೆಯಲ್ಲಿರುವ ಅಗಾರಿಟೀನ್ ಎಂಬ ಅನಪೇಕ್ಷಿತ ವಸ್ತುವು ಬೇಯಿಸಿದಾಗ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಕೈಟಿನ್ ಹಸಿಯಾಗಿ ಜೀರ್ಣವಾಗುವುದು ಕಷ್ಟ. ಆದಕಾರಣ ಯಾವ ಅಣಬೆಯನ್ನೇ ಆಗಲಿ ಚೆನ್ನಾಗಿ ಬೇಯಿಸಿಯೇ ತಿನ್ನತಕ್ಕದ್ದು. ರಕ್ತವನ್ನು ತೆಳುವಾಗಿಸುವ ಔಷಧಗಳನ್ನು ಸೇವಿಸುವವರು ವೈದ್ಯರನ್ನು ಕೇಳದೆ ಅಣಬೆಯ ಸಾರಗಳನ್ನೂ ಪುಡಿಗಳನ್ನೂ ಮುಟ್ಟಲೇಬಾರದು.

ಔಷಧದ ಅಣಬೆಯೆಂದು ಅತಿ ಹೆಚ್ಚು ಬೆಲೆಗೆ ಮಾರಲ್ಪಡುವುದು ರೀಷಿ. ಇದು ಗ್ಯಾನೋಡರ್ಮ ಎಂಬ ಕುಲಕ್ಕೆ ಸೇರಿದ್ದು. ಈ ಕುಲದ ಹೆಸರು ನಮ್ಮ ಅಡಿಕೆ ಬೆಳೆಗಾರರಿಗೆ ತಿಳಿಯದಿದ್ದರೂ ಅದರ ಕೆಲಸ ಚೆನ್ನಾಗಿ ತಿಳಿದಿದೆ. ಅಡಿಕೆಯ ಮರದ ಎಲೆಗಳು ಹಳದಿಯಾಗಿ ಜೋತುಬಿದ್ದು, ಕಾಂಡದಿಂದ ಕಂದುರಸ ಸೋರಿ, ಕಡೆಗೆ ಬುಡದಲ್ಲಿ ಗಟ್ಟಿಯಾದ ಅಣಬೆ ಮೂಡಿ ಮರವು ಸಾಯುವ ಅಣಬೆರೋಗವನ್ನುಂಟುಮಾಡುವುದು ಈ ಕುಲದ ಶಿಲೀಂಧ್ರವೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಕೊಳೆರೋಗದೊಡನೆ ಈ ರೋಗವನ್ನೂ ಅಭ್ಯಾಸಮಾಡಿದ್ದರು. ಇಂದಿಗೂ ರೋಗ ಬಲಿತ ಮರಕ್ಕೆ ಚಿಕಿತ್ಸೆಯಿಲ್ಲ. ಸತ್ತ ಮರವನ್ನು ಬುಡಸಹಿತ ಕಿತ್ತು ಸುಟ್ಟು, ಸುತ್ತಲೂ ಕಾಲುವೆ ತೋಡಿ ಪ್ರತ್ಯೇಕಿಸಿ, ನೀರು ನಿಲ್ಲದಂತೆ ನೋಡಿ, ಉಳಿದ ಮರಗಳಿಗೆ ಬೇವಿನ ಹಿಂಡಿಯನ್ನು ಹಾಕುವುದೇ ಉಪಾಯ. ಇಂತಹ ಕುಲದ ಅಣಬೆಯನ್ನು ಹೆಚ್ಚಿನ ಬೆಲೆಯ ಆಶೆಯಿಂದ ಅಡಿಕೆ, ತೆಂಗಿನ ತೋಟಗಳ ನಡುವೆ ಬೆಳೆಸಲು ಹೊರಡುವುದೂ, ಬಳಸಿದ ಮರದ ತುಂಡುಗಳನ್ನು ಆ ತೋಟಕ್ಕೇ ಗೊಬ್ಬರವಾಗಿ ಸುರಿಯುವುದೂ ವಿವೇಕವಲ್ಲವೆಂದು ನಮ್ಮ ದೃಢವಾದ ಅಭಿಪ್ರಾಯ. ಮಾರುವ ಜಾತಿಯೂ ಮರವನ್ನು ಕೊಲ್ಲುವ ಜಾತಿಯೂ ಒಂದೇ ಅಲ್ಲದಿರಬಹುದು. ಆದರೆ ಅವೆರಡನ್ನು ಕಣ್ಣಳತೆಯಿಂದ ಬೇರ್ಪಡಿಸಬಲ್ಲ ರೈತನಾರು?

ಇದಕ್ಕಿಂತಲೂ ದೊಡ್ಡ ಅಪಾಯವು ತಾನಾಗಿ ಎದ್ದ ಅಣಬೆಯಲ್ಲಿದೆ. ಹುತ್ತದ ಅಣಬೆಯು ರುಚಿಯಲ್ಲಿ ಶ್ರೇಷ್ಠ; ಗೆದ್ದಲುಗಳು ತಮ್ಮ ಗೂಡಿನಲ್ಲಿ ಸಾಕುವ ಶಿಲೀಂಧ್ರದ ಫಲವಾದುದರಿಂದ ಅದನ್ನು ನಾವು ಸಾಗುವಳಿ ಮಾಡಲು ಇನ್ನೂ ಆಗಿಲ್ಲ. ಅದನ್ನು ತಲೆತಲಾಂತರದಿಂದ ಬಲ್ಲ ಮಲೆನಾಡಿನ ಹಿರಿಯರು ಆರಿಸಿ ತಿನ್ನುವರು. ಆದರೆ ಆ ಅರಿವು ಪಟ್ಟಣಕ್ಕೆ ಬಂದವರೊಡನೆ ಬರಲಿಲ್ಲ. ಮಳೆ ಬಂದ ಮಾರನೆಯ ದಿನ ಕತ್ರಿಗುಪ್ಪೆಯಂತಹ ಬಡಾವಣೆಯ ಉದ್ಯಾನದ ಹುಲ್ಲಿನಲ್ಲಿ ಬೆಳ್ಳಗೆ ದೊಡ್ಡದಾಗಿ ಏಳುವ ಕೊಡೆಯನ್ನು ಊರಿನ ಅಣಬೆಯೆಂದು ಭ್ರಮಿಸಿ ತಿಂದರೆ ವಾಂತಿಭೇದಿಗಳಿಂದ ಬಳಲಬೇಕಾದೀತು. ಅಮನಿಟ ಎಂಬ ಕುಲದ ಕೆಲವು ಅಣಬೆಗಳು ಇನ್ನೂ ಘೋರ. ಅವನ್ನು ತಿಂದ ಆರರಿಂದ ಹನ್ನೆರಡು ಗಂಟೆಗಳವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಏನೂ ತೋರುವುದಿಲ್ಲ. ಬಳಿಕ ವಾಂತಿಭೇದಿಯಾಗಿ, ಒಂದು ದಿನ ಗುಣವಾದಂತೆ ಕಂಡು, ಆಮೇಲೆ ಪಿತ್ತಜನಕಾಂಗವು ಕೆಡುತ್ತದೆ. ಎಷ್ಟು ಬೇಯಿಸಿದರೂ ಆ ವಿಷವು ನಾಶವಾಗದು. ೨೦೨೨ರ ಏಪ್ರಿಲ್ ತಿಂಗಳಲ್ಲಿ ಅಸ್ಸಾಂ ಪ್ರಾಂತ್ಯದಲ್ಲಿ ಕಾಡಣಬೆಯನ್ನು ತಿಂದು ಹದಿಮೂರು ಮಂದಿ ಮೃತರಾದರು. ಅವರಲ್ಲಿ ಬಹುಪಾಲು ಚಹದ ತೋಟಗಳ ಬಡ ಕುಟುಂಬಗಳವರು. ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ, ಬೆಳ್ಳುಳ್ಳಿಯ ಬಣ್ಣ ಕೆಡದಿದ್ದರೆ, ಹುಳು ತಿಂದಿದ್ದರೆ ಅಣಬೆ ಒಳ್ಳೆಯದೆಂಬ ಪರೀಕ್ಷೆಗಳೆಲ್ಲವೂ ಸುಳ್ಳು. ಯಾರಾದರೂ ಅಣಬೆ ತಿಂದು ಅಸ್ವಸ್ಥರಾದರೆ, ಮನೆಮದ್ದಿನಲ್ಲಿ ಕಾಲಹರಣ ಮಾಡದೆ, ಉಳಿದ ಅಣಬೆಯ ತುಂಡಿನೊಡನೆ ಕೂಡಲೆ ಆಸ್ಪತ್ರೆಗೆ ಕರೆದೊಯ್ಯುವಂತೆ ಗ್ರಾಮದ ಮುಖಂಡರು ಡಂಗುರ ಹೊಡೆಸಿಯಾದರೂ ತಿಳಿಸಬೇಕು.

ಹಾಗಾದರೆ ಮಾಡತಕ್ಕದ್ದೇನು? ಬಿತ್ತಿ ಬೆಳೆದು ತಿನ್ನುವುದು. ಇದು ನಮ್ಮ ನಾಡಿಗೆ ಹೊರಗಿನಿಂದ ಬಂದ ವಿದ್ಯೆಯೇನೂ ಅಲ್ಲ. ೧೯೪೩ರಲ್ಲಿಯೇ ಕೊಯಮತ್ತೂರಿನಲ್ಲಿ ಭತ್ತದ ಹುಲ್ಲಿನ ಅಣಬೆಯನ್ನು ಬೆಳೆಯುವ ಕ್ರಮವನ್ನು ಪ್ರಕಟಿಸಿದ್ದರು. ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಝಕಿಯಾ ಬಾನೊ ಮತ್ತು ಎಚ್. ಸಿ. ಶ್ರೀವಾಸ್ತವ ಅವರು ೧೯೬೨ರಲ್ಲಿ ಚಿಪ್ಪಣಬೆಯನ್ನು ಭತ್ತದ ಹುಲ್ಲಿನ ಮೇಲೆ ಬೆಳೆದು ತೋರಿಸಿದರು. ಇಂದು ಭಾರತದ ಹಳ್ಳಿಹಳ್ಳಿಗಳಲ್ಲಿ ನಡೆಯುವ ಚಿಪ್ಪಣಬೆಯ ವ್ಯವಸಾಯಕ್ಕೆ ಮೈಸೂರಿನ ಈ ಪ್ರಯೋಗವೂ ಒಂದು ಬುನಾದಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಅಣಬೆಯ ಬೀಜವೂ ತರಬೇತಿಯೂ ದೊರೆಯುತ್ತವೆ.

ಕ್ರಮವು ಸುಲಭ. ಮಳೆಯಲ್ಲಿ ನೆನೆಯದ, ಬೂಷ್ಟು ಹಿಡಿಯದ ಹುಲ್ಲನ್ನು ಎರಡಂಗುಲದ ತುಂಡುಗಳಾಗಿ ಕತ್ತರಿಸಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಟ್ಟು, ೮೦ ಡಿಗ್ರಿ ಸೆಂಟಿಗ್ರೇಡ್ ಶಾಖದ ನೀರಿನಲ್ಲಿ ಒಂದು ಗಂಟೆ ಇಡಬೇಕು. ಬಸಿದು ಆರಿಸಿ, ಹಿಂಡಿದರೆ ನೀರು ತೊಟ್ಟಿಕ್ಕದೆ ಅಂಗೈ ಮಾತ್ರ ತೇವವಾಗುವ ಹದಕ್ಕೆ ಬಂದಾಗ, ಚೀಲದಲ್ಲಿ ಪದರಪದರವಾಗಿ ತುಂಬುತ್ತ, ಒದ್ದೆ ಹುಲ್ಲಿನ ತೂಕಕ್ಕೆ ನೂರಕ್ಕೆ ಮೂರರಿಂದ ಐದರಂತೆ ಬೀಜವನ್ನು ಹರಡಬೇಕು. ಚೀಲಕ್ಕೆ ಸಣ್ಣ ರಂಧ್ರಗಳನ್ನು ಮಾಡಿ ಹದಿನೈದು ಇಪ್ಪತ್ತು ದಿನ ಕತ್ತಲಿನ ಕೋಣೆಯಲ್ಲಿಟ್ಟರೆ ಹುಲ್ಲೆಲ್ಲ ಬೆಳ್ಳಗಾಗುವುದು; ಹಸುರು ಅಥವಾ ಕಪ್ಪು ಕಲೆ ಕಂಡ ಚೀಲವನ್ನು ದೂರ ಒಯ್ದು ಹೂಳಬೇಕು. ಬಳಿಕ ಚೀಲವನ್ನು ಸೀಳಿ, ಗಾಳಿ ಬೆಳಕು ಸ್ವಲ್ಪವಾಗಿ ಬರುವಲ್ಲಿ ತೂಗುಹಾಕಿ, ದಿನವೂ ನೀರನ್ನು ತುಂತುರಾಗಿ ಸಿಂಪಡಿಸಿದರೆ ಸುಮಾರು ಒಂದು ವಾರದಲ್ಲಿ ಮೊದಲ ಕೊಯ್ಲು; ಅನಂತರ ಇನ್ನೂ ಎರಡು ಕೊಯ್ಲು. ಒಂದು ಕಿಲೋಗ್ರಾಂ ಒಣಹುಲ್ಲಿಗೆ ೫೦೦ ರಿಂದ ೮೦೦ ಗ್ರಾಂ ಹಸಿಯ ಅಣಬೆಯನ್ನು ನಿರೀಕ್ಷಿಸಬಹುದು. ಇದಕ್ಕಿಂತ ಬಹಳ ಹೆಚ್ಚು ಬರುವುದೆಂದು ಆಣೆಯಿಡುವವನನ್ನು ನಂಬಬಾರದು. ಅಂಚು ಪೂರ್ತಿ ಬಿಚ್ಚಿಕೊಳ್ಳುವುದಕ್ಕೆ ಮೊದಲೇ ಕೊಯ್ಯಬೇಕು. ಇಲ್ಲವಾದರೆ ಉದುರುವ ಸೂಕ್ಷ್ಮ ಕಣಗಳು ಉಸಿರಿನೊಡನೆ ಹೋಗಿ ಕೆಲಸಗಾರರಿಗೆ ಕೆಮ್ಮು, ಜ್ವರ, ಶ್ವಾಸಕೋಶದ ಬೇನೆಯನ್ನುಂಟುಮಾಡಬಹುದು. ಕೋಣೆಯೊಳಗೆ ಕೆಲಸಮಾಡುವವರಿಗೆ ಮೂಗು ಬಾಯಿ ಮುಚ್ಚುವ ಮುಸುಕನ್ನು ಒದಗಿಸುವುದು ಯಜಮಾನನ ಕರ್ತವ್ಯ.

ಬೆಂಗಳೂರಿನ ಸಮಶೀತೋಷ್ಣ ಹವೆಯಲ್ಲಿ ಚಿಪ್ಪಣಬೆಯನ್ನು ಹೆಚ್ಚು ಕಡಿಮೆ ವರ್ಷವಿಡೀ ಬೆಳೆಯಬಹುದು. ಬಿರುಬೇಸಗೆಯ ಸೀಮೆಗಳಿಗೆ ಹಾಲಣಬೆ ಹೊಂದುವುದು. ಹಸಿಯ ಚಿಪ್ಪಣಬೆಯು ತಂಪಿಲ್ಲದ ಕಡೆ ಒಂದೆರಡು ದಿನಕ್ಕಿಂತ ಹೆಚ್ಚು ಬಾಳದು. ಆದ್ದರಿಂದ ದೂರದ ಬೆಳೆಗಾರನಿಗಿಂತ ಹತ್ತಿರದವನಿಗೇ ಪೇಟೆಯು ಒಲಿಯುವುದು. ಕೆಂಗೇರಿ, ಕಗ್ಗಲೀಪುರ, ತಾವರೆಕೆರೆಗಳ ಕಡೆಯ ರೈತನು ಬೆಳಗಿನ ಜಾವ ಕೊಯ್ದುದನ್ನು ಹೊತ್ತೇರುವ ಮೊದಲೇ ಕತ್ರಿಗುಪ್ಪೆಯ ಅಂಗಡಿಗೆ ಮುಟ್ಟಿಸಬಲ್ಲನು. ಕತ್ರಿಗುಪ್ಪೆಯು ತನ್ನ ಹೊಲವನ್ನು ಕಳೆದುಕೊಂಡುದರಿಂದ ಅದರ ನೆರೆಯ ಗ್ರಾಮಗಳಿಗೆ ಬರತಕ್ಕ ಲಾಭವೇನಾದರೂ ಇದ್ದರೆ ಅದು ಇದೇ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಔಷಧವೆಂದು ಹೇಳಿದರೆ ಬೆಲೆ ಹೆಚ್ಚಾಗುವುದು. ರೈತನಿಗೆ ನಾಲ್ಕು ಕಾಸು ಹೆಚ್ಚು ಬಂದರೆ ನಿಮಗೇನು ಕಷ್ಟ? ಎಂಬುದಾಗಿ. ಇದಕ್ಕೆ ಉತ್ತರ ಎರಡು. ಸಿಹಿಮೂತ್ರ, ಅರ್ಬುದ ಮುಂತಾದ ರೋಗಗಳನ್ನು ಗುಣಪಡಿಸುವುದಾಗಿ ಜಾಹೀರಾತು ಕೊಡುವುದನ್ನು ೧೯೫೪ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಶಾಸನವು ನಿಷೇಧಿಸಿದೆ; ಕಾನೂನಿನ ಕೈ ಮೊದಲು ಹಿಡಿಯುವುದು ಕಣ್ಣಿಗೆ ಕಾಣುವ ಮಾರಾಟಗಾರನನ್ನೇ. ಎರಡನೆಯದು ಇದಕ್ಕಿಂತ ದೊಡ್ಡದು. ಅಣಬೆಯನ್ನು ನಂಬಿ ಗುಳಿಗೆಯನ್ನು ಬಿಟ್ಟವನು ನಮ್ಮ ಊರಿನವನೇ, ನಮ್ಮ ಬಂಧುವೇ ಆಗಿರುವನು. ಅವನ ಕಾಲಿನ ಹುಣ್ಣು ಮಾಯದೆ ಹೋದಾಗ, ಅವನ ಗಡ್ಡೆ ಕೈಮೀರಿ ಬೆಳೆದಾಗ, ಹೆಚ್ಚು ಬಂದ ನಾಲ್ಕು ಕಾಸು ಯಾವ ಲೆಕ್ಕಕ್ಕೆ? ತರಕಾರಿಯಾಗಿ ಮಾರಿದ ಅಣಬೆಗೆ ಗಿರಾಕಿಯು ವಾರವಾರವೂ ಬರುವನು; ಮದ್ದಾಗಿ ಮಾರಿದುದಕ್ಕೆ ಒಮ್ಮೆ ಮೋಸಹೋದವನು ಮತ್ತೆ ಬಾರನು.

ಆದುದರಿಂದ ಗ್ರಾಮದ ಮುಖಂಡರಲ್ಲಿಯೂ ಭೂಮಾಲೀಕರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟು. ಖಾಲಿ ಬಿದ್ದಿರುವ ಕೊಟ್ಟಿಗೆಯೊಂದನ್ನು ಶುಚಿಮಾಡಿಸಿ, ಭೂಮಿಯಿಲ್ಲದ ಮನೆಯ ಹೆಂಗಸರ ಸ್ವಸಹಾಯ ಗುಂಪಿಗೆ ಬಳಸಲು ಕೊಡಿರಿ. ಮಿಕ್ಕ ಹುಲ್ಲನ್ನು ಅವರಿಗೆ ನ್ಯಾಯವಾದ ಬೆಲೆಗೆ ಬಿಟ್ಟುಕೊಡಿರಿ. ಒಬ್ಬಿಬ್ಬರನ್ನು ಮೊದಲು ತರಬೇತಿಗೆ ಕಳುಹಿಸಿ, ಹತ್ತು ಚೀಲಗಳಿಂದ ಆರಂಭಿಸಿ, ಅನುಭವ ಬಂದಮೇಲೆಯೇ ಹೆಚ್ಚಿಸುವಂತೆ ಹೇಳಿರಿ. ಬೀಜ ಮಾರಿ ಬೆಳೆಯನ್ನೆಲ್ಲ ತಾನೇ ಕೊಳ್ಳುವೆನೆಂದು ಮುಂಗಡ ಕೇಳುವವನು ಊರಿಗೆ ಬಂದರೆ, ಅವನ ಮಾತನ್ನು ಕಾಗದದಲ್ಲಿ ಬರೆಸಿ, ಕೃಷಿ ಅಥವಾ ತೋಟಗಾರಿಕೆ ಇಲಾಖೆಯವರಿಗೆ ತೋರಿಸುವವರೆಗೆ ಯಾರೂ ಹಣ ಬಿಚ್ಚದಂತೆ ನೋಡಿರಿ. ಕೊಯ್ಲು ಮುಗಿದ ಹುಲ್ಲು ಗೊಬ್ಬರದ ಗುಂಡಿಗೆ ಹೋಗಲಿ. ಹೊಲದಿಂದ ಬಂದುದು ಹೊಲಕ್ಕೇ ಸೇರಲಿ. ಬೆಳೆದುದರಲ್ಲಿ ಮೊದಲ ಪಾಲು ಬೆಳೆದವರ ಮಕ್ಕಳ ಊಟದ ಎಲೆಗೆ ಬೀಳಲಿ. ಉಳಿದುದು ಪೇಟೆಗೆ ಹೋಗಲಿ.